ಕಥಾಮಾಲೆಯಿಂದ ಆಲ್ಬಮ್‌ವರೆಗೆ: ನೆರೆಮನೆಯ ಹಾಡಿನ ಚರಿತ್ರೆ

ಬೆಂಗಳೂರಿನ ಹೊರವಲಯದಲ್ಲಿ ದುಡಿಮೆಯ ಮೂರು ದೊಡ್ಡ ಊರುಗಳಿವೆ. ಪೂರ್ವಕ್ಕೆ ವೈಟ್‌ಫೀಲ್ಡ್, ದಕ್ಷಿಣಕ್ಕೆ ಎಲೆಕ್ಟ್ರಾನಿಕ್ ಸಿಟಿ, ವಾಯವ್ಯಕ್ಕೆ ಪೀಣ್ಯ. ಇವುಗಳ ಹೆಸರೆತ್ತಿದರೆ ನಮಗೆ ನೆನಪಾಗುವುದು ಕಂಪ್ಯೂಟರು, ಲೇತ್ ಯಂತ್ರ, ಗಾರ್ಮೆಂಟ್ಸು ಮತ್ತು ಟ್ರಾಫಿಕ್ಕು. ಆದರೆ ದುಡಿಯಲು ಬಂದವನು ಬರೀ ಎರಡು ಕೈಗಳನ್ನು ಹೊತ್ತು ಬರುವುದಿಲ್ಲ. ತನ್ನ ಪ್ರಾರ್ಥನೆಯನ್ನೂ ತನ್ನ ಹಾಡನ್ನೂ ಜೊತೆಗೆ ತರುತ್ತಾನೆ. ಶುಕ್ರವಾರ ಊಟದ ಬಿಡುವಿನಲ್ಲಿ ಜುಮಾ ನಮಾಝಿಗೆ ಹತ್ತಿರದ ಮಸೀದಿ ಹುಡುಕುವ ನಮ್ಮ ಹುಡುಗರಂತೆಯೇ ಭಾನುವಾರದ ಆರಾಧನೆಗೆ ಜಾಗ ಹುಡುಕುವ ಕ್ರೈಸ್ತ ಯುವಕ ಯುವತಿಯರೂ ಈ ಊರುಗಳಲ್ಲಿದ್ದಾರೆ. ಹಳೆಯ ಚರ್ಚುಗಳು ಸಾಲದಾದಾಗ ಅವರು ಹೋಟೆಲಿನ ಹಾಲು, ಶಾಲೆಯ ಸಭಾಂಗಣ, ಅಂಗಡಿ ಸಾಲಿನ ಮೇಲಿನ ಮಹಡಿಗಳನ್ನು ಬಾಡಿಗೆಗೆ ಹಿಡಿಯುತ್ತಾರೆ. ಅಲ್ಲಿ ಕೇಳಿಬರುವುದು ಹಳೆಯ ಆರ್ಗನ್ನಿನ ಗಂಭೀರ ಸ್ವರವಲ್ಲ. ಗಿಟಾರು, ಡ್ರಮ್ಸು, ಕೀಬೋರ್ಡುಗಳ ಅಬ್ಬರದ ಸಂಗೀತ. ಅವುಗಳಲ್ಲಿ ಅನೇಕ ಹಾಡುಗಳು ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಧ್ವನಿಮುದ್ರಣಗೊಂಡು ಆಲ್ಬಮ್ ರೂಪದಲ್ಲಿ ಬಂದವು.

ಈ ಹಾಡುಗಳ ಚರಿತ್ರೆ ನಮಗೇಕೆ ಎಂದು ಓದುಗರು ಕೇಳಬಹುದು. ಅದಕ್ಕೆ ಎರಡು ಉತ್ತರಗಳಿವೆ. ಒಂದು, ಅದು ನೆರೆಯವರ ಚರಿತ್ರೆ. ನೆರೆಯವರ ಬಗ್ಗೆ ತಿಳಿಯದೇ ಇರುವುದು ಈ ಕಾಲದಲ್ಲಿ ಅಪಾಯಕಾರಿ ಎಂಬುದನ್ನು ನಾವು ಬೇರೆಯವರಿಗಿಂತ ಚೆನ್ನಾಗಿ ಬಲ್ಲೆವು. ಎರಡು, ಆ ಹಾಡುಗಳು ಎದುರಿಸಿದ ಪ್ರಶ್ನೆಗಳು ನಮ್ಮವೂ ಹೌದು. ಭಕ್ತಿಗೆ ವಾದ್ಯ ಬೇಕೆ? ಪಾಪ್ ಸಂಗೀತದ ಧಾಟಿಯಲ್ಲಿ ದೇವನಾಮ ಹೇಳಬಹುದೆ? ನಮ್ಮ ಭಕ್ತಿಯ ಹಾಡು ಈ ನಾಡಿನ ಭಾಷೆಯಲ್ಲಿದ್ದರೆ ಪಕ್ಕದ ಮನೆಯವನಿಗೆ ಅದು ಹೇಗೆ ಕೇಳಿಸುತ್ತದೆ, ಇಲ್ಲದಿದ್ದರೆ ಹೇಗೆ ಕೇಳಿಸುತ್ತದೆ?

ನೆಲೆಯಿಲ್ಲದವರ ಊರು

ವೈಟ್‌ಫೀಲ್ಡ್ ಹುಟ್ಟಿದ್ದೇ ನೆಲೆಯಿಲ್ಲದವರ ಊರಾಗಿ. ಯುರೋಪಿಯನ್ ಮತ್ತು ಭಾರತೀಯ ರಕ್ತಗಳೆರಡನ್ನೂ ಹೊತ್ತ ಯುರೇಷಿಯನ್ ಅಥವಾ ಆಂಗ್ಲೋ-ಇಂಡಿಯನ್ ಜನರನ್ನು ಇಂಗ್ಲಿಷರು ಪೂರ್ತಿಯಾಗಿ ತಮ್ಮವರೆಂದು ಒಪ್ಪಲಿಲ್ಲ, ಇಲ್ಲಿಯವರೂ ಒಪ್ಪಲಿಲ್ಲ. ಈ ಸಮುದಾಯದ ಮುಂದಾಳು ಡಿ. ಎಸ್. ವೈಟ್ ಅವರ ಪ್ರಯತ್ನದ ಫಲವಾಗಿ 1882ರಲ್ಲಿ ಮೈಸೂರಿನ ಮಹಾರಾಜ ಹತ್ತನೆಯ ಚಾಮರಾಜ ಒಡೆಯರು ಅವರ ಸಂಘಕ್ಕೆ ಸುಮಾರು 3,900 ಎಕರೆ ಭೂಮಿ ನೀಡಿದರು. ಬೇಸಾಯ ಮಾಡಿ ಸ್ವಂತ ಕಾಲ ಮೇಲೆ ನಿಲ್ಲಲಿ ಎಂಬುದು ಉದ್ದೇಶ. ಊರಿಗೆ ವೈಟ್ ಅವರ ಹೆಸರೇ ನಿಂತಿತು. ಇಂದಿಗೂ ಇನ್ನರ್ ಸರ್ಕಲ್ ಎಂದು ಕರೆಯುವ ವೃತ್ತಾಕಾರದ ಬಡಾವಣೆ ಆ ಹಳೆಯ ನಕ್ಷೆಯ ಗುರುತು.

ಹಿಂದೂ ಅರಸನೊಬ್ಬ ಕ್ರೈಸ್ತ ಸಮುದಾಯವೊಂದಕ್ಕೆ ನೆಲೆ ಕೊಟ್ಟ ಈ ಸಂಗತಿಯನ್ನು ಇಂದು ಎಷ್ಟು ಸಲ ನೆನೆದರೂ ಸಾಲದು. ಆದರೆ ಆ ಊರಿನ ಚರ್ಚಿನಲ್ಲಿ ಹಾಡುತ್ತಿದ್ದುದು ಇಂಗ್ಲಿಷ್ ಕೀರ್ತನೆಗಳನ್ನು. ಅದು ಅವರ ಮನೆಮಾತು, ತಪ್ಪೇನಿಲ್ಲ. ಆದರೆ ಸುತ್ತಲಿನ ಹಳ್ಳಿಗರಿಗೆ ಅದು ದೊರೆಗಳ ಹಾಡಿನಂತೆ ಕೇಳಿಸಿರಬೇಕು. ಬೇಸಾಯ ಅಂದುಕೊಂಡಂತೆ ಕೈಹಿಡಿಯಲಿಲ್ಲ. ಯುವಕರು ರೈಲ್ವೆಗೂ ಕೋಲಾರದ ಚಿನ್ನದ ಗಣಿಗೂ ಹೋದರು. 1947ರ ನಂತರ ಅನೇಕ ಕುಟುಂಬಗಳು ಇಂಗ್ಲೆಂಡಿಗೂ ಆಸ್ಟ್ರೇಲಿಯಾಕ್ಕೂ ತೆರಳಿದವು. ಹೋದವರೊಡನೆ ಹಾಡೂ ಹೋಯಿತು. ಉಳಿದದ್ದು ಹೆಂಚಿನ ಬಂಗಲೆಗಳು, ಹಳೆಯ ಚರ್ಚು ಮತ್ತು ಕೆಲವೇ ಮಂದಿ.

ಆ ಖಾಲಿ ಊರಿಗೆ ಮತ್ತೆ ಬೇರೆ ಬೇರೆ ಸ್ವರಗಳು ಬಂದವು. 1963ರಲ್ಲಿ ರೆವರೆಂಡ್ ಎಂ. ಎ. ಥಾಮಸ್ ಅವರು ವೈಟ್‌ಫೀಲ್ಡ್‌ನಲ್ಲಿ ಎಕ್ಯುಮೆನಿಕಲ್ ಕ್ರಿಶ್ಚಿಯನ್ ಸೆಂಟರ್ ಸ್ಥಾಪಿಸಿದರು. ಬೇರೆ ಬೇರೆ ಪಂಗಡದ ಕ್ರೈಸ್ತರು ಮಾತ್ರವಲ್ಲ, ಬೇರೆ ಬೇರೆ ಧರ್ಮದವರೂ ಒಟ್ಟಿಗೆ ಕುಳಿತು ಮಾತನಾಡಲು ಅದು ಜಾಗವಾಯಿತು. ಅದರ ಹತ್ತಿರದ ಕಾಡುಗೋಡಿಯಲ್ಲಿ ಸತ್ಯಸಾಯಿಬಾಬಾ ಅವರ ಬೃಂದಾವನದಿಂದ ಭಜನೆ ಕೇಳಿಸತೊಡಗಿತು. 1990ರ ದಶಕದಲ್ಲಿ ಸಿಂಗಾಪುರದ ಸಹಭಾಗಿತ್ವದಲ್ಲಿ ಐ.ಟಿ.ಪಿ.ಎಲ್. ಎದ್ದು ನಿಂತ ಮೇಲೆ ಊರಿನ ಸ್ವರೂಪವೇ ಬದಲಾಯಿತು. ಅತ್ತ ಎಲೆಕ್ಟ್ರಾನಿಕ್ ಸಿಟಿಯನ್ನು ಕಿಯೋನಿಕ್ಸ್ ಸಂಸ್ಥೆ ಆರ್. ಕೆ. ಬಾಳಿಗರ ಕನಸಿನಂತೆ 1970ರ ದಶಕದ ಕೊನೆಯಲ್ಲಿ 332 ಎಕರೆಯಲ್ಲಿ ಆರಂಭಿಸಿತ್ತು. ಪೀಣ್ಯದ ಕೈಗಾರಿಕಾ ಶೆಡ್ಡುಗಳೂ ಅದೇ ದಶಕದ ಬೆಳವಣಿಗೆ. ಕೇರಳ, ತಮಿಳುನಾಡು, ಆಂಧ್ರ, ಜಾರ್ಖಂಡ್, ಒಡಿಶಾ, ಮಣಿಪುರ, ನಾಗಾಲ್ಯಾಂಡ್, ಮಿಜೋರಾಂನಿಂದ ಜನ ಬಂದರು. ಅವರಲ್ಲಿ ಕ್ರೈಸ್ತರು ಗಣನೀಯವಾಗಿದ್ದರು. ಹೀಗೆ ನೆಲೆಯಿಲ್ಲದವರ ಊರಿಗೆ ಮತ್ತೊಮ್ಮೆ ನೆಲೆಯಿಲ್ಲದವರೇ ಬಂದರು.

ಕಿಟ್ಟೆಲರ ಪ್ರಯೋಗ

ಕ್ರೈಸ್ತ ಹಾಡಿಗೆ ಕನ್ನಡ ಹೊಸದಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, ಬಳ್ಳಾರಿ ಮತ್ತು ಬೆಂಗಳೂರಿನಲ್ಲಿ ನೆಲೆನಿಂತ ಲಂಡನ್ ಮಿಷನ್, ಮೈಸೂರು ಸೀಮೆಯ ವೆಸ್ಲಿಯನ್ ಮಿಷನ್, ಈ ಮೂರೂ ಕನ್ನಡದಲ್ಲಿ ಪ್ರಾರ್ಥಿಸುವ ಸಭೆಗಳನ್ನು ಕಟ್ಟಿದವು. ಮುಂದೆ 1947ರ ಸೆಪ್ಟೆಂಬರಿನಲ್ಲಿ ದಕ್ಷಿಣ ಭಾರತ ಸಭೆ ಅಂದರೆ ಸಿ.ಎಸ್.ಐ. ಹುಟ್ಟಿದಾಗ ಈ ಸಭೆಗಳು ಬಹುಮಟ್ಟಿಗೆ ಅದರೊಳಗೆ ಕೂಡಿಕೊಂಡವು. ಮಿಷನರಿಗಳು ಆರಂಭದಲ್ಲಿ ಮಾಡಿದ್ದು ಸುಲಭದ ಕೆಲಸ. ಜರ್ಮನ್ ಅಥವಾ ಇಂಗ್ಲಿಷ್ ಕೀರ್ತನೆಯ ರಾಗವನ್ನು ಹಾಗೆಯೇ ಇಟ್ಟುಕೊಂಡು ಕನ್ನಡ ಪದಗಳನ್ನು ಅದರ ಅಳತೆಗೆ ಕತ್ತರಿಸಿ ಕೂರಿಸಿದರು. ಕನ್ನಡದ ದೀರ್ಘ ಸ್ವರ ಬರಬೇಕಾದಲ್ಲಿ ಪಾಶ್ಚಾತ್ಯ ರಾಗ ಚಿಕ್ಕದಾಗುತ್ತಿತ್ತು, ಹ್ರಸ್ವ ಬಂದಲ್ಲಿ ಉದ್ದವಾಗುತ್ತಿತ್ತು. ಮಾತು ಕನ್ನಡದ್ದು, ನಡಿಗೆ ಬೇರೆಯದು.

ಈ ಕೊರತೆಯನ್ನು ಕಂಡವರಲ್ಲಿ ಫರ್ಡಿನಾಂಡ್ ಕಿಟ್ಟೆಲ್ ಪ್ರಮುಖರು. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿ 1853ರಲ್ಲಿ ಇಲ್ಲಿಗೆ ಬಂದ ಅವರನ್ನು ನಾವು 1894ರಲ್ಲಿ ಪ್ರಕಟವಾದ ಕನ್ನಡ-ಇಂಗ್ಲಿಷ್ ನಿಘಂಟಿಗಾಗಿ ನೆನೆಯುತ್ತೇವೆ. ನಾಗವರ್ಮನ ಛಂದೋಗ್ರಂಥವನ್ನು 1875ರಲ್ಲಿ ಸಂಪಾದಿಸಿದ್ದಕ್ಕಾಗಿಯೂ ವಿದ್ವಾಂಸರು ಅವರನ್ನು ಗೌರವಿಸುತ್ತಾರೆ. ಆದರೆ ಇವೆರಡಕ್ಕೂ ಮೊದಲೇ, 1862ರಲ್ಲಿ, ಅವರು 'ಕಥಾಮಾಲೆ' ಎಂಬ ಪುಸ್ತಕ ಬರೆದಿದ್ದರು. ಯೇಸುವಿನ ಜೀವನವನ್ನು ಕನ್ನಡಿಗರ ಕಿವಿಗೆ ಪರಿಚಿತವಾದ ದೇಶೀಯ ಛಂದಸ್ಸಿನಲ್ಲಿ, ಹಾಡಿಕೊಳ್ಳಲು ಒದಗುವಂತೆ ಹೇಳಿದ ಕೃತಿ ಅದು. ಕಥೆ ಹೇಳಿ ಹಾಡುವ ಪರಂಪರೆ ಈ ನಾಡಿನಲ್ಲಿ ಹಳೆಯದು. ಆ ದಾರಿಯಲ್ಲೇ ನಡೆಯಬೇಕು ಎಂಬುದು ಅವರಿಗೆ ಹೊಳೆದಿತ್ತು.

ಕಿಟ್ಟೆಲರ ಉದ್ದೇಶ ಮತಪ್ರಚಾರವೇ ಆಗಿತ್ತು ಎಂಬುದನ್ನು ಮುಚ್ಚಿಡುವ ಅಗತ್ಯವಿಲ್ಲ. ಆದರೆ ಅವರು ತುಳಿದ ದಾರಿ ಗಮನಿಸಬೇಕಾದದ್ದು. ಜನರ ಎದೆಗೆ ತಲುಪಬೇಕಾದರೆ ಅವರ ಛಂದಸ್ಸನ್ನು ಕಲಿಯಬೇಕು, ಅದಕ್ಕಾಗಿ ಹಳಗನ್ನಡದ ಓಲೆಗರಿಗಳ ಮುಂದೆ ವಿದ್ಯಾರ್ಥಿಯಂತೆ ಕೂರಬೇಕು. ಮಿಷನ್ನಿನ ಒಳಗೇ ಅವರ ಸಾಹಿತ್ಯಾಸಕ್ತಿಗೆ ಹೆಚ್ಚಿನ ಬೆಂಬಲವಿರಲಿಲ್ಲ. ಪ್ರಚಾರ ಮಾಡಬೇಕಾದವನು ಛಂದಸ್ಸಿನಲ್ಲಿ ಕಾಲ ಕಳೆಯುತ್ತಿದ್ದಾನೆ ಎಂಬ ಅಸಮಾಧಾನವಿತ್ತು. ಕಾಲ ಕಳೆದದ್ದು ವ್ಯರ್ಥವಾಗಲಿಲ್ಲ. ಇಂದು ಆ ಮಿಷನ್ನಿನ ಹೆಸರನ್ನು ಕನ್ನಡಿಗರು, ಹಿಂದೂ ಮುಸ್ಲಿಮ್ ಎನ್ನದೆ, ಪ್ರೀತಿಯಿಂದ ಹೇಳುವುದಕ್ಕೆ ಆ ಛಂದಸ್ಸಿನ ಹುಚ್ಚೇ ದೊಡ್ಡ ಕಾರಣ.

ಊರಿನದಾದ ಪೆಟ್ಟಿಗೆ

ಹಾಡಿನೊಡನೆ ವಾದ್ಯವೂ ಬಂತು. ಹಾರ್ಮೋನಿಯಂ ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನ ಸೃಷ್ಟಿ. ದೊಡ್ಡ ಆರ್ಗನ್ನನ್ನು ಹೊತ್ತು ತರಲಾಗದ ಮಿಷನರಿಗಳು ಅದನ್ನು ತಂದರು. ಕಾಲಿನಿಂದ ತುಳಿಯುತ್ತಿದ್ದ ಆ ಪೆಟ್ಟಿಗೆಯನ್ನು ಕಲ್ಕತ್ತೆಯ ದ್ವಾರಕಾನಾಥ ಘೋಷರು ನೆಲದ ಮೇಲೆ ಕೂತು ಒಂದು ಕೈಯಿಂದ ತಿದಿಯೊತ್ತಿ ಇನ್ನೊಂದು ಕೈಯಿಂದ ನುಡಿಸುವ ವಾದ್ಯವಾಗಿ ಬದಲಿಸಿದರು. ಅಲ್ಲಿಂದ ಅದು ಎಲ್ಲಿಗೆ ಹೋಗಲಿಲ್ಲ? ಖವ್ವಾಲರ ಮಡಿಲಿಗೆ ಬಂತು, ಭಜನಾ ಮಂದಿರಕ್ಕೆ ಹೋಯಿತು, ಗುರುದ್ವಾರಕ್ಕೆ ಹೋಯಿತು. ನಮ್ಮ ಕಂಪನಿ ನಾಟಕಗಳಲ್ಲಿ ಲೆಗ್ ಹಾರ್ಮೋನಿಯಂ ಇಲ್ಲದೆ ಪರದೆಯೇ ಏಳುತ್ತಿರಲಿಲ್ಲ. ಶಾಸ್ತ್ರೀಯ ಸಂಗೀತದ ಗಮಕ ಇದರಲ್ಲಿ ಬರುವುದಿಲ್ಲ, ಇದು ಪರದೇಶಿ ವಾದ್ಯ ಎಂದು ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ನಿಷೇಧಿಸಿತ್ತು. ನಿಷೇಧ ಹೋಯಿತು, ಪೆಟ್ಟಿಗೆ ಉಳಿಯಿತು. ಇಂದು ದರ್ಗಾದಲ್ಲಿ ಕುಳಿತು ಖವ್ವಾಲಿ ಕೇಳುವ ಯಾರಿಗೂ ಇದು ಚರ್ಚಿನಿಂದ ಬಂದದ್ದು ಎಂಬ ನೆನಪಾಗುವುದಿಲ್ಲ. ಒಂದು ವಸ್ತು ಊರಿನದಾಗುವುದು ಹೀಗೆ.

ಕ್ಯಾಥೊಲಿಕ್ ಸಭೆಯಲ್ಲೂ ಬದಲಾವಣೆಯ ಗಾಳಿ ಬೀಸಿತು. ಎರಡನೆಯ ವ್ಯಾಟಿಕನ್ ಮಹಾಸಭೆ (1962-65) ಲ್ಯಾಟಿನ್ನಿನ ಜಾಗದಲ್ಲಿ ಜನರ ಭಾಷೆಗಳಿಗೆ ಬಲಿಪೂಜೆಯ ಬಾಗಿಲು ತೆರೆಯಿತು. 1967ರಲ್ಲಿ ಬೆಂಗಳೂರಿನಲ್ಲೇ ಎನ್.ಬಿ.ಸಿ.ಎಲ್.ಸಿ. ಎಂಬ ರಾಷ್ಟ್ರೀಯ ಕೇಂದ್ರ ಆರಂಭವಾಯಿತು. ಅದರ ನಿರ್ದೇಶಕ ಫಾದರ್ ಡಿ. ಎಸ್. ಅಮಲೋರ್‌ಪವದಾಸ್ ಆರತಿ, ದೀಪ, ನೆಲದ ಮೇಲೆ ಕೂರುವುದು, ಭಜನೆಯ ಧಾಟಿ ಇವೆಲ್ಲವನ್ನೂ ಪೂಜಾವಿಧಿಯೊಳಗೆ ತಂದರು. ಇದನ್ನು ಮೆಚ್ಚಿದವರಿದ್ದಂತೆ ವಿರೋಧಿಸಿದವರೂ ಇದ್ದರು. ಇದು ಹಿಂದೂ ಧರ್ಮದ ಅನುಕರಣೆ ಎಂದು ಒಳಗಿನವರು ಸಿಟ್ಟಾದರೆ, ಇದು ಮೋಸದ ವೇಷ ಎಂದು ಹೊರಗಿನ ಕೆಲವರು ಸಿಟ್ಟಾದರು. ನಗರದ ಚರ್ಚುಗಳಲ್ಲಿ ಕನ್ನಡಕ್ಕೆ ಸಿಗಬೇಕಾದ ಸ್ಥಾನದ ಬಗ್ಗೆಯೂ ಕನ್ನಡ ಕ್ರೈಸ್ತರು ದಶಕಗಳ ಕಾಲ ಹೋರಾಡಬೇಕಾಯಿತು. ಊರಿನ ಭಾಷೆಯಲ್ಲಿ ಹಾಡಿದರೂ ತಪ್ಪು, ಹಾಡದಿದ್ದರೂ ತಪ್ಪು ಎಂಬ ಈ ಸ್ಥಿತಿ ನಮ್ಮ ಓದುಗರಿಗೆ ಅಪರಿಚಿತವಲ್ಲ.

ಗಿಟಾರ್ ಹಿಡಿದ ಭಕ್ತರು

ಇತ್ತ ಭಜನೆಯ ಧಾಟಿಯ ಬಗ್ಗೆ ವಾದ ನಡೆಯುತ್ತಿದ್ದ ಹೊತ್ತಿನಲ್ಲೇ ಅತ್ತ ಅಮೆರಿಕದಲ್ಲಿ ಇನ್ನೊಂದು ಬಗೆಯ ಹಾಡು ಹುಟ್ಟಿತು. ವಿಯೆಟ್ನಾಂ ಯುದ್ಧದ ಕಾಲ. ಮನೆ ಬಿಟ್ಟ, ಉದ್ದ ಕೂದಲು ಬಿಟ್ಟ ಹಿಪ್ಪಿ ಯುವಕರಲ್ಲಿ ಅನೇಕರು ಕ್ರೈಸ್ತ ಧರ್ಮದ ಕಡೆಗೆ ಮರಳಿದರು. ಆದರೆ ತಮ್ಮ ಗಿಟಾರನ್ನು ಬಿಟ್ಟು ಬರಲು ಅವರು ಸಿದ್ಧರಿರಲಿಲ್ಲ. 1969ರಲ್ಲಿ ಲ್ಯಾರಿ ನಾರ್ಮನ್ ಎಂಬ ಗಾಯಕ 'ಅಪಾನ್ ದಿಸ್ ರಾಕ್' ಎಂಬ ಆಲ್ಬಮ್ ತಂದ. ಅದನ್ನು ಮೊದಲ ಕ್ರಿಶ್ಚಿಯನ್ ರಾಕ್ ಆಲ್ಬಮ್‌ಗಳಲ್ಲಿ ಒಂದೆಂದು ಎಣಿಸುತ್ತಾರೆ. ಕ್ಯಾಲಿಫೋರ್ನಿಯಾದ ಕ್ಯಾಲ್ವರಿ ಚಾಪೆಲ್‌ನ ಪಾದ್ರಿ ಚಕ್ ಸ್ಮಿತ್ ಈ ಬರಿಗಾಲ ಯುವಕರಿಗೆ ಚರ್ಚಿನ ಬಾಗಿಲು ತೆರೆದರು. ಅಲ್ಲಿಂದ ಬಂದ 'ಲವ್ ಸಾಂಗ್' ಎಂಬ ತಂಡ 1972ರಲ್ಲಿ ತನ್ನದೇ ಹೆಸರಿನ ಆಲ್ಬಮ್ ಹೊರತಂದಿತು. ಇಂದು ಸಮಕಾಲೀನ ಕ್ರೈಸ್ತ ಸಂಗೀತ ಎಂದು ಕರೆಯುವ ಪ್ರಕಾರಕ್ಕೆ ಬುನಾದಿ ಹಾಕಿದವುಗಳಲ್ಲಿ ಅದೂ ಒಂದು.

ಸಂಪ್ರದಾಯಸ್ಥರು ಸುಮ್ಮನಿರಲಿಲ್ಲ. ಡ್ರಮ್ಸು ಸೈತಾನನ ವಾದ್ಯ, ರಾಕ್ ಸಂಗೀತ ಕಾಮದ ಸಂಗೀತ ಎಂಬ ಮಾತುಗಳು ಕೇಳಿಬಂದವು. ಸೈತಾನನಿಗೇ ಒಳ್ಳೆಯ ಸಂಗೀತವನ್ನೆಲ್ಲ ಬಿಟ್ಟುಕೊಡಬೇಕೇಕೆ ಎಂದು ಯುವಕರು ತಿರುಗಿ ಕೇಳಿದರು. ವಾದ ಮುಗಿಯುವ ಮೊದಲೇ ಮಾರುಕಟ್ಟೆ ಗೆದ್ದಿತು. ಆಮಿ ಗ್ರಾಂಟ್ ಎಂಬ ಗಾಯಕಿಯ 'ಏಜ್ ಟು ಏಜ್' (1982) ಹತ್ತು ಲಕ್ಷ ಪ್ರತಿಗಳ ಮಾರಾಟವನ್ನು ಮುಟ್ಟಿತು. 1988ರಲ್ಲಿ ಅಮೆರಿಕದಲ್ಲಿ ಸಿ.ಸಿ.ಎಲ್.ಐ. ಎಂಬ ಸಂಸ್ಥೆ ಆರಂಭವಾಯಿತು. ಚರ್ಚು ಪರದೆಯ ಮೇಲೆ ಹಾಡಿನ ಸಾಲು ತೋರಿಸಬೇಕಾದರೆ ಪರವಾನಗಿ ಪಡೆಯುವುದು, ಅದಕ್ಕೆ ಹಣ ಕಟ್ಟುವುದು, ಆ ಹಣ ಹಾಡು ಬರೆದವರಿಗೂ ಪ್ರಕಾಶಕರಿಗೂ ಹಂಚಿಹೋಗುವುದು ಎಂಬ ವ್ಯವಸ್ಥೆ ಬೆಳೆಯಿತು. ಹಿಂದೆ ಕೀರ್ತನೆಯ ಪುಸ್ತಕ ಸಭೆಯ ಆಸ್ತಿಯಾಗಿತ್ತು. ಈಗ ಹಾಡಿಗೆ ಒಡೆಯರು ಬಂದರು.

ಈ ಧಾರೆಯ ದೊಡ್ಡ ಕವಲು ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಹುಟ್ಟಿತು. 1983ರಲ್ಲಿ ಆರಂಭವಾದ ಒಂದು ಚರ್ಚು ಮುಂದೆ ಹಿಲ್‌ಸಾಂಗ್ ಎಂದು ಪ್ರಸಿದ್ಧವಾಯಿತು. ಅದರ ಯುವತಂಡ 'ಹಿಲ್‌ಸಾಂಗ್ ಯುನೈಟೆಡ್' 2013ರಲ್ಲಿ 'ಝಯಾನ್' ಎಂಬ ಸ್ಟುಡಿಯೋ ಆಲ್ಬಮ್ ತಂದಿತು. ಅದರಲ್ಲಿನ 'ಓಷನ್ಸ್' ಎಂಬ ಸುಮಾರು 9 ನಿಮಿಷಗಳ ಹಾಡು, ನೀರಿನ ಮೇಲೆ ನಡೆಯಲು ಕಾಲಿಟ್ಟ ಪೇತ್ರನ ಪ್ರಸಂಗವನ್ನು ನೆನೆಯುವಂಥದು. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಕ್ರೈಸ್ತ ಹಾಡುಗಳ ಪಟ್ಟಿಯಲ್ಲಿ ಅದು ಒಟ್ಟು 61 ವಾರ ಮೊದಲ ಸ್ಥಾನದಲ್ಲಿತ್ತು. ಇಂಥ ಹಾಡು ಬೆಂಗಳೂರಿಗೆ ಬರಲು ಹಡಗು ಬೇಕಾಗಲಿಲ್ಲ, ಮೊಬೈಲು ಸಾಕಾಯಿತು. ಮನೆಯಿಂದ ದೂರ, ನೆಚ್ಚಿಕೊಳ್ಳಲು ಯಾರೂ ಇಲ್ಲದ ಊರಿನಲ್ಲಿ, ಕೆಲಸ ಇಂದಿದೆ ನಾಳೆ ಇಲ್ಲ ಎಂಬ ಭಯದಲ್ಲಿ ಬದುಕುವ ಹುಡುಗನಿಗೆ ಅಲೆಗಳ ಮೇಲೆ ಕಾಲಿಡುವ ಆ ಕಥೆ ಏಕೆ ಹಿಡಿಸುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ. ಹಾಡಿದ ಸಂಸ್ಥೆಯ ಕಥೆ ಅಷ್ಟು ಶುಭ್ರವಾಗಿ ಉಳಿಯಲಿಲ್ಲ. ಅದರ ಸ್ಥಾಪಕ ಬ್ರಯಾನ್ ಹ್ಯೂಸ್ಟನ್ ತಮ್ಮ ನಡತೆಯ ಬಗ್ಗೆ ಬಂದ ದೂರುಗಳ ನಡುವೆ 2022ರಲ್ಲಿ ಹುದ್ದೆ ಬಿಡಬೇಕಾಯಿತು. ಸಂಸ್ಥೆಗೆ ಕಳಂಕ ತಟ್ಟಿದ ಮೇಲೂ ಹಾಡನ್ನು ಜನ ಕೈಬಿಡಲಿಲ್ಲ.

ಸ್ಟುಡಿಯೋದ ಸ್ವರ, ಸಭೆಯ ಸ್ವರ

ಇಲ್ಲಿ ಒಂದು ವ್ಯತ್ಯಾಸವನ್ನು ಗುರುತಿಸಬೇಕು. ಹಳೆಯ ಕೀರ್ತನೆ ಸಭೆಗಾಗಿ ಹುಟ್ಟಿದ್ದು. ಮುದುಕಿಯೂ ಮಗುವೂ ಸ್ವರ ತಪ್ಪಿದವನೂ ಒಟ್ಟಿಗೆ ಹಾಡಲು ಅನುಕೂಲವಾಗುವಂತೆ ಅದರ ಶ್ರುತಿ ಮಿತವಾಗಿರುತ್ತದೆ. ನಮ್ಮ ಭಜನೆಯಲ್ಲೂ ಒಬ್ಬರು ಹೇಳಿಕೊಟ್ಟದ್ದನ್ನು ಎಲ್ಲರೂ ಮರಳಿ ಹೇಳುತ್ತಾರೆ. ಖವ್ವಾಲಿಯಲ್ಲಿ ಚಪ್ಪಾಳೆಗೆ ಎಲ್ಲರಿಗೂ ಜಾಗವಿದೆ. ಸ್ಟುಡಿಯೋ ಆಲ್ಬಮ್ ಹಾಗಲ್ಲ. ಅಲ್ಲಿ ಒಂದೊಂದು ವಾದ್ಯವನ್ನೂ ಬೇರೆ ಬೇರೆಯಾಗಿ ಮುದ್ರಿಸಿ, ತಪ್ಪನ್ನು ತಿದ್ದಿ, ಕಂಠವನ್ನು ಪದರ ಪದರವಾಗಿ ಪೇರಿಸುತ್ತಾರೆ. ಶ್ರುತಿ ನುರಿತ ಗಾಯಕನ ಕಂಠಕ್ಕೆ ತಕ್ಕಂತೆ ಮೇಲಿರುತ್ತದೆ. ಅದನ್ನು ಹಾಗೆಯೇ ಸಭೆಯಲ್ಲಿ ನುಡಿಸಲು ಹೊರಟಾಗ ವೇದಿಕೆಯ ಮೇಲಿನ ಐದಾರು ಮಂದಿ ಹಾಡುತ್ತಾರೆ, ಕೆಳಗಿನವರು ಕೇಳುವವರಾಗುತ್ತಾರೆ. ಹೊರದೇಶದ ಚರ್ಚುಗಳಲ್ಲೇ ಈ ಬಗ್ಗೆ ಚರ್ಚೆ ನಡೆದಿದೆ.

ನಮ್ಮಲ್ಲೂ ಇಂಥದೇ ಕಥೆಯಿದೆ. 1977ರಲ್ಲಿ ಇಸ್ಲಾಮ್ ಸ್ವೀಕರಿಸಿದ ಪ್ರಸಿದ್ಧ ಗಾಯಕ ಕ್ಯಾಟ್ ಸ್ಟೀವನ್ಸ್, ಯೂಸುಫ್ ಇಸ್ಲಾಮ್ ಆಗಿ ಗಿಟಾರನ್ನು ಕೆಳಗಿಟ್ಟರು. ಪಾಪ್ ಸಂಗೀತಕ್ಕೆ ಅವರು ಮರಳಿದ್ದು 2006ರ 'ಆ್ಯನ್ ಅದರ್ ಕಪ್' ಆಲ್ಬಮ್‌ನೊಂದಿಗೆ. ಆ ನಡುವೆ 2003ರಲ್ಲಿ ಲಂಡನ್ನಿನ ಸಾಮಿ ಯೂಸುಫ್ 'ಅಲ್ ಮುಅಲ್ಲಿಮ್' ಹೊರತಂದರು. ಪ್ರವಾದಿ(ಸ)ಯವರ ಮೇಲಿನ ಪ್ರೀತಿಯನ್ನು ಸ್ಟುಡಿಯೋ ಆಲ್ಬಮ್ ಮಾಡಿ ಜಗತ್ತಿನಾದ್ಯಂತ ಯುವಕರಿಗೆ ತಲುಪಿಸಿದ್ದು ಅದು. 2005ರ 'ಮೈ ಉಮ್ಮಾ' ಆಲ್ಬಮ್ ಎರಡು ರೂಪದಲ್ಲಿ ಬಂತು. ಒಂದರಲ್ಲಿ ಎಲ್ಲ ವಾದ್ಯಗಳು, ಇನ್ನೊಂದರಲ್ಲಿ ತಾಳವಾದ್ಯ ಮಾತ್ರ. ದಫ್ ಸಾಕು ಎನ್ನುವವರಿಗೂ ಪಿಯಾನೊ ಇರಲಿ ಎನ್ನುವವರಿಗೂ ನಡುವೆ ಹೂಡಿದ ಸಂಧಿ ಅದು. ನಮ್ಮ ಉಲಮಾಗಳಲ್ಲಿ ಈ ಬಗ್ಗೆ ಇರುವ ಭಿನ್ನಾಭಿಪ್ರಾಯವನ್ನು ಇಲ್ಲಿ ಬಗೆಹರಿಸುವುದು ನಮ್ಮ ಕೆಲಸವಲ್ಲ. ಭಕ್ತಿ ಯಂತ್ರಯುಗವನ್ನು ಹೊಕ್ಕಾಗ ಎಲ್ಲ ಧರ್ಮದವರ ಮುಂದೆ ನಿಲ್ಲುವ ಪ್ರಶ್ನೆ ಒಂದೇ ಎಂಬುದನ್ನು ತೋರಿಸಿದರೆ ಸಾಕು. ದಾವೂದ್ ಪೈಗಂಬರರಿಗೆ ಝಬೂರ್ ಕೊಡಲಾಯಿತೆಂದೂ ಅವರೊಡನೆ ಬೆಟ್ಟಗಳೂ ಹಕ್ಕಿಗಳೂ ದೇವಸ್ತುತಿ ಮಾಡುತ್ತಿದ್ದವೆಂದೂ ಕುರ್‌ಆನ್ ತಿಳಿಸುತ್ತದೆ. ಅದೇ ದಾವೀದನ ಕೀರ್ತನೆಗಳೇ ಕ್ರೈಸ್ತರ ಹಾಡಿನ ಮೂಲ ಬುಗ್ಗೆ.

ಕನ್ನಡದ ಆಲ್ಬಮ್

ಇನ್ನು ಭಾಷೆಯ ಮಾತು. ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ ಎಂದು ಹೆಸರಾದದ್ದು 1978ರ 'ನಿತ್ಯೋತ್ಸವ'. ಸಂಗೀತ ಮೈಸೂರು ಅನಂತಸ್ವಾಮಿಯವರದು. ಕವಿತೆಗಳು ಬೆಂಗಳೂರಿನ ಮಗ್ಗುಲಲ್ಲೇ ಇರುವ ದೇವನಹಳ್ಳಿಯಲ್ಲಿ 1936ರಲ್ಲಿ ಹುಟ್ಟಿದ ಕೆ. ಎಸ್. ನಿಸಾರ್ ಅಹಮದರವು. ಸುಗಮ ಸಂಗೀತಕ್ಕೆ ಕ್ಯಾಸೆಟ್ಟಿನ ದಾರಿ ತೆರೆದದ್ದು ಒಬ್ಬ ಮುಸ್ಲಿಮ್ ಕವಿಯ ಪದ್ಯ ಎಂಬುದನ್ನು ನಾವು ಹೆಮ್ಮೆಗಾಗಿ ಹೇಳುತ್ತಿಲ್ಲ. ಆ ಹಾಡು ಹಾಡುವ ಶಾಲಾಮಗು ಕವಿಯ ಧರ್ಮವನ್ನು ಕೇಳುವುದಿಲ್ಲ ಎಂಬುದಕ್ಕಾಗಿ ಹೇಳುತ್ತಿದ್ದೇವೆ. ಶಿಶುನಾಳ ಶರೀಫರ ತತ್ವಪದಗಳನ್ನು ಸಿ. ಅಶ್ವತ್ಥರು ಹಾಡಿ ಕ್ಯಾಸೆಟ್ಟಿಗೆ ಕೊಟ್ಟಾಗಲೂ ಹೀಗೇ ಆಯಿತು. ರಾಯಚೂರು, ಕಲಬುರಗಿ, ಕೊಪ್ಪಳದ ಕಡೆ ಮೊಹರಂನಲ್ಲಿ ಕರ್ಬಲಾದ ಕಥೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುವವರಲ್ಲಿ ಹಿಂದೂಗಳೂ ತುಂಬ ಮಂದಿ.

1980ರ ದಶಕದಲ್ಲಿ ಅಗ್ಗದ ಕ್ಯಾಸೆಟ್ಟು ದೇಶದ ತುಂಬ ಹರಡಿದಾಗ ಎಲ್ಲ ಧರ್ಮಗಳ ಭಕ್ತಿಗೀತೆಗಳೂ ಹಳ್ಳಿ ಹಳ್ಳಿಗೆ ತಲುಪಿದವು. ಕನ್ನಡದಲ್ಲಿ ಕ್ರೈಸ್ತ ಭಕ್ತಿಗೀತೆಗಳ ಕ್ಯಾಸೆಟ್ಟುಗಳೂ ಬಂದವು. ಸಿನಿಮಾ ಹಿನ್ನೆಲೆ ಗಾಯಕರು ದೇವಸ್ಥಾನದ ಹಾಡಿಗೂ ಚರ್ಚಿನ ಹಾಡಿಗೂ ಒಂದೇ ಕಂಠ ಕೊಟ್ಟರು. ಕ್ಯಾಥೊಲಿಕ್ ಮನೆಯಲ್ಲಿ ಹುಟ್ಟಿದ ಯೇಸುದಾಸರ ಕಂಠದಲ್ಲಿ ಶಬರಿಮಲೆಯ ಅಯ್ಯಪ್ಪ ನಿದ್ರಿಸುತ್ತಾನೆ. ಇದು ನಮ್ಮ ದೇಶದ ಸಾಮಾನ್ಯ ಸತ್ಯವಾಗಿತ್ತು. ಇಂದಿಗೂ ಸಿ.ಎಸ್.ಐ. ಮತ್ತು ಕ್ಯಾಥೊಲಿಕ್ ಚರ್ಚುಗಳ ಕನ್ನಡ ಸಭೆಗಳಲ್ಲಿ ಈ ಪರಂಪರೆ ಜೀವಂತವಾಗಿದೆ. ಆದರೆ ಹೊರವಲಯದ ಬಾಡಿಗೆ ಸಭಾಂಗಣಗಳಿಗೆ ಬರುವವರಲ್ಲಿ ಬಹುಮಂದಿ ಕಿಟ್ಟೆಲರ ಹೆಸರನ್ನು ಕೇಳಿದವರಲ್ಲ. ಕಥಾಮಾಲೆ ಅವರಿಗೆ ಗೊತ್ತಿಲ್ಲ, ಅವರ ಆಲ್ಬಮ್ ನಮಗೆ ಗೊತ್ತಿಲ್ಲ.

ಕಿಟಕಿ ಮುಚ್ಚಿದ ಹಾಡು

ಹೀಗೆ ಒಬ್ಬರಿಗೊಬ್ಬರು ತಿಳಿಯದೆ ಇರುವ ಕಡೆ ವದಂತಿ ಬಂದು ನಿಲ್ಲುತ್ತದೆ. 2008ರ ಸೆಪ್ಟೆಂಬರ್ 14ರಂದು ಮಂಗಳೂರಿನಲ್ಲಿ ಚರ್ಚುಗಳ ಮೇಲೂ ಪ್ರಾರ್ಥನಾಲಯಗಳ ಮೇಲೂ ದಾಳಿಗಳು ನಡೆದವು. ಅದರ ಬೆನ್ನಿಗೆ ರಾಜ್ಯದ ಬೇರೆ ಕಡೆಗಳಲ್ಲೂ ಬೆಂಗಳೂರಿನಲ್ಲೂ ನಡೆದವು. ಮತಾಂತರ ನಡೆಯುತ್ತಿದೆ ಎಂಬುದು ದಾಳಿಕೋರರು ಕೊಟ್ಟ ಕಾರಣ. ತನಿಖೆಗೆ ನ್ಯಾಯಮೂರ್ತಿ ಬಿ. ಕೆ. ಸೋಮಶೇಖರ ಆಯೋಗ ನೇಮಕವಾಯಿತು, 2011ರಲ್ಲಿ ವರದಿ ಬಂತು, ಅದರ ಬಗ್ಗೆ ಕ್ರೈಸ್ತ ಸಮುದಾಯದ ಅಸಮಾಧಾನ ಉಳಿಯಿತು. 2022ರಲ್ಲಿ ರಾಜ್ಯದಲ್ಲಿ ಮತಾಂತರ ನಿಷೇಧ ಕಾಯ್ದೆ ಬಂತು. ಅದನ್ನು ಹಿಂದೆಗೆದುಕೊಳ್ಳಲು 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ನಿರ್ಧರಿಸಿತು. ಈ ವರ್ಷಗಳಲ್ಲಿ ಮಹಡಿಯ ಮೇಲಿನ ಸಣ್ಣ ಕೋಣೆಯಲ್ಲಿ ಹತ್ತು ಮಂದಿ ಸೇರಿ ಹಾಡಿದರೂ ಅದು ಸಂಶಯಕ್ಕೆ ಕಾರಣವಾಯಿತು. ಹಾಡುವವರು ಕಿಟಕಿ ಮುಚ್ಚಿಕೊಂಡರು. ಮುಚ್ಚಿದ ಕಿಟಕಿ ಸಂಶಯವನ್ನು ಇನ್ನಷ್ಟು ಬೆಳೆಸಿತು. ತಪ್ಪು ಹಾಡಿದವರದಲ್ಲ. ಹೆದರಿದವನು ಬಾಗಿಲು ಹಾಕಿಕೊಳ್ಳುವುದು ಸಹಜ.

2012ರ ಆಗಸ್ಟ್ ತಿಂಗಳನ್ನೂ ನಾವು ಮರೆಯಬಾರದು. ಅಸ್ಸಾಮಿನ ಹಿಂಸೆಯ ನಂತರ ಮುಸ್ಲಿಮರು ಈಶಾನ್ಯದವರ ಮೇಲೆ ಸೇಡು ತೀರಿಸಿಕೊಳ್ಳುತ್ತಾರೆ ಎಂಬ ಸುಳ್ಳು ಸುದ್ದಿ ಎಸ್.ಎಂ.ಎಸ್. ಮೂಲಕ ಹರಡಿತು. ಸಾವಿರಾರು ಯುವಕ ಯುವತಿಯರು ಬೆಂಗಳೂರಿನ ರೈಲು ನಿಲ್ದಾಣದಲ್ಲಿ ಗುವಾಹಟಿಯ ರೈಲಿಗೆ ಮುಗಿಬಿದ್ದರು. ಅವರಲ್ಲಿ ಹಲವರು ಭಾನುವಾರಗಳಲ್ಲಿ ಗಿಟಾರ್ ಹಿಡಿದು ಹಾಡುತ್ತಿದ್ದ ಕ್ರೈಸ್ತರು. ನಮ್ಮ ಸಮುದಾಯದ ಮುಖಂಡರು, ಸಂಘಟನೆಗಳ ಕಾರ್ಯಕರ್ತರು ನಿಲ್ದಾಣಕ್ಕೆ ಹೋಗಿ ಧೈರ್ಯ ಹೇಳಿದರು. ಅದು ಮಾಡಬೇಕಾದ ಕೆಲಸವೇ. ಆದರೆ ಅವರು ರೈಲು ಹತ್ತುವ ದಿನ ಮಾತ್ರ ನಾವು ಅವರನ್ನು ಭೇಟಿಯಾದೆವು. ಅದಕ್ಕೆ ಮುಂಚಿನ ವರ್ಷಗಳಲ್ಲಿ ಅವರ ಹಬ್ಬ ಯಾವುದು, ಹಾಡು ಯಾವುದು ಎಂದು ನಾವು ವಿಚಾರಿಸಿದ್ದರೆ ಒಂದು ಎಸ್.ಎಂ.ಎಸ್. ಅಷ್ಟು ಸುಲಭವಾಗಿ ಅವರನ್ನು ಓಡಿಸುತ್ತಿತ್ತೇ?

ಇದರ ಅರ್ಥ ಎಲ್ಲರೂ ಕನ್ನಡದಲ್ಲೇ ಹಾಡಲಿ, ಇಲ್ಲದಿದ್ದರೆ ಸುಮ್ಮನಿರಲಿ ಎಂದಲ್ಲ. ಮಿಜೋ ಹುಡುಗಿ ತನ್ನ ತಾಯಿನುಡಿಯಲ್ಲಿ ದೇವರನ್ನು ಕರೆಯುವ ಹಕ್ಕು ಸಂವಿಧಾನ ಕೊಟ್ಟದ್ದು. ನಾವು ಅರಬಿಯಲ್ಲಿ ನಮಾಝ್ ಮಾಡುವವರು, ಉರ್ದುವಿನಲ್ಲಿ ನಾತ್ ಹಾಡುವವರು ಆ ಹಕ್ಕನ್ನು ಪ್ರಶ್ನಿಸಲಾರೆವು. ಆದರೆ ಹಕ್ಕು ಒಂದು, ಬಾಂಧವ್ಯ ಇನ್ನೊಂದು. ಹಕ್ಕನ್ನು ಕಾನೂನು ಕಾಯಬೇಕು. ಬಾಂಧವ್ಯವನ್ನು ಕಾನೂನು ಕಟ್ಟಲಾರದು, ಅದಕ್ಕೆ ಭಾಷೆ ಬೇಕು. ಸಿಡ್ನಿಯ ಹಾಡಿನೊಡನೆ ಒಂದು ಕನ್ನಡದ ಹಾಡೂ ಆ ಸಭಾಂಗಣದಲ್ಲಿ ಇರಲಿ, ಕಾವಲುಗಾರನಿಗೂ ಕಟ್ಟಡದ ಒಡೆಯನಿಗೂ ಅದು ತಿಳಿಯುವಂತಿರಲಿ ಎಂಬುದು ನಮ್ಮ ಆಸೆ. ಇದೇ ಮಾತನ್ನು ನಮ್ಮ ಮೀಲಾದ್ ಸಭೆಗಳಿಗೂ ಹೇಳಬೇಕಾಗಿದೆ. ಹೊರವಲಯದ ಮಸೀದಿಗಳಲ್ಲಿ ಬಿಹಾರದವರು, ಬಂಗಾಳದವರು, ಮಲಬಾರಿನವರು, ಕಲ್ಯಾಣ ಕರ್ನಾಟಕದವರು ಒಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಅವರ ನಡುವೆ ರಿವಾಯತ್ ಪದ ಬಲ್ಲ ಗಾರೆ ಕೆಲಸದವನಿದ್ದರೆ ಅವನನ್ನು ಹುಡುಕಿ ಹಾಡಿಸಿದವರು ನಮ್ಮಲ್ಲಿ ಎಷ್ಟು ಮಂದಿ?

ಮಕ್ಕಾದ ಕಿರುಕುಳ ತಾಳಲಾರದೆ ಮೊದಲ ಮುಸ್ಲಿಮರು ಅಬಿಸೀನಿಯಾಕ್ಕೆ ಹಿಜ್ರತ್ ಹೋದಾಗ ಅಲ್ಲಿನ ಕ್ರೈಸ್ತ ದೊರೆ ನಜಾಶಿ ಅವರನ್ನು ಕೂಡಲೇ ತೀರ್ಪಿಗೆ ಒಳಪಡಿಸಲಿಲ್ಲ. ನಿಮ್ಮ ಪ್ರವಾದಿ ತಂದದ್ದನ್ನು ಸ್ವಲ್ಪ ಓದಿ ಕೇಳಿಸಿ ಎಂದ. ಜಾಫರ್(ರ) ಸೂರಃ ಮರ್ಯಮ್‌ನ ಆರಂಭವನ್ನು ಓದಿದರು. ದೊರೆ ಅತ್ತ, ಆಶ್ರಯ ಕೊಟ್ಟ ಎಂದು ಸೀರಾ ಗ್ರಂಥಗಳು ಹೇಳುತ್ತವೆ. ಮುಂದೆ ನಜ್ರಾನಿನ ಕ್ರೈಸ್ತರು ಮದೀನಕ್ಕೆ ಬಂದಾಗ ಪ್ರವಾದಿ(ಸ)ಯವರು ತಮ್ಮ ಮಸೀದಿಯಲ್ಲೇ ಅವರ ರೀತಿಯಲ್ಲಿ ಪ್ರಾರ್ಥಿಸಲು ಬಿಟ್ಟರು. ದೊರೆಯೂ ಧರ್ಮ ಬಿಟ್ಟುಕೊಡು ಎನ್ನಲಿಲ್ಲ, ಪ್ರವಾದಿಯವರೂ ಎನ್ನಲಿಲ್ಲ. ಇಬ್ಬರೂ ಮೊದಲು ಕಿವಿಗೊಟ್ಟರು. ಮೆಟ್ರೋ 2014ರಲ್ಲಿ ಪೀಣ್ಯವನ್ನೂ 2023ರಲ್ಲಿ ವೈಟ್‌ಫೀಲ್ಡನ್ನೂ 2025ರಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನೂ ತಲುಪಿದೆ. ಒಂದು ಊರಿನಿಂದ ಇನ್ನೊಂದಕ್ಕೆ ಹೋಗುವುದು ಈಗ ಸುಲಭ. ಪಕ್ಕದ ಮಹಡಿಯ ಹಾಡನ್ನು ಹೋಗಿ ಕೇಳುವುದಕ್ಕೆ ಮೆಟ್ರೋ ಕೂಡ ಬೇಕಾಗಿಲ್ಲ. ಮುಂದಿನ ಈದಿಗೆ ಶೀರ್ ಖುರ್ಮಾದ ಡಬ್ಬಿಯೊಂದಿಗೆ ಆ ಮೆಟ್ಟಿಲು ಹತ್ತುವ ಕೆಲಸವನ್ನು ನಮ್ಮ ಹುಡುಗರು ಆರಂಭಿಸಬಹುದು.